ಘಟ್ಟ ಇಳಿದು ಮಂಗಳೂರಿಗೆ ಬರುವವರಿಗೆ: ಪತ್ತನಾಜೆಯೊಳಗೆ ಮನೆ ಸೇರಿ

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನನಗೆ ಅವೇ ಪ್ರಶ್ನೆಗಳು ಬರುತ್ತವೆ. "ಮಂಗಳೂರಿಗೆ ವರ್ಗ ಆಗಿದೆ, ಯಾವ ಏರಿಯಾದಲ್ಲಿ ಮನೆ ನೋಡಲಿ?" "ತುಳು ಬರದಿದ್ದರೆ ನಡೆಯುತ್ತಾ?" "ಗ್ಯಾಸ್ ಸಿಲಿಂಡರನ್ನು ಲಾರಿಯಲ್ಲೇ ಹಾಕಿಕೊಂಡು ಬರಬಹುದಾ?" ಕೇಳುವವರು ದಾವಣಗೆರೆ, ಗದಗ, ವಿಜಯಪುರ, ಬೆಂಗಳೂರು ಕಡೆಯವರು. ಇಲ್ಲಿಯವರ ಮಾತಿನಲ್ಲಿ ಹೇಳಬೇಕೆಂದರೆ ಘಟ್ಟದ ಮೇಲಿನವರು. ನಾನೂ ಹಾಗೆ ಘಟ್ಟ ಇಳಿದು ಬಂದವನೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಊರು ಬದಲಿಸುವಾಗ ಎಲ್ಲರಿಗೂ ಮೊದಲು ನೆನಪಾಗುವುದು ಕಾಗದಪತ್ರ. ಆಧಾರ್, ರೇಷನ್ ಕಾರ್ಡ್, ವೋಟರ್ ಐಡಿ ಎಲ್ಲವೂ ಆಗಬೇಕು ನಿಜ, ಆದರೆ ಅವು ಎರಡು ತಿಂಗಳು ತಡವಾದರೂ ಯಾರೂ ಸಾಯುವುದಿಲ್ಲ. ಮಳೆ ಮಾತ್ರ ಕಾಯುವುದಿಲ್ಲ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಬೆಂಗಳೂರಿನ ಇಡೀ ವರ್ಷದ ಮಳೆ ಇಲ್ಲಿನ ಒಂದು ಜುಲೈಗೆ ಸಮ ಎಂದುಕೊಳ್ಳಿ. ಆದ್ದರಿಂದ ಈ ಬರಹದಲ್ಲಿ ಮಳೆಗೆ ಮೊದಲ ಪಂಕ್ತಿ, ಸರ್ಕಾರಕ್ಕೆ ಎರಡನೆಯದು.

1. ದಿನ ಗೊತ್ತುಮಾಡಿ, ಲಾರಿ ಹಿಡಿಯಿರಿ

ತುಳುನಾಡಿನ ಪಂಚಾಂಗದಲ್ಲಿ ಪತ್ತನಾಜೆ ಎಂಬ ದಿನವಿದೆ. ತುಳುವಿನ ಬೇಶ ತಿಂಗಳ ಹತ್ತನೇ ದಿನ, ಸುಮಾರಾಗಿ ಮೇ 24ರ ಹೊತ್ತಿಗೆ ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ, ರೈತರು ಗದ್ದೆಯ ಕಡೆ ತಿರುಗುತ್ತಾರೆ. 'ಪತ್ತನಾಜೆಗೆ ಹತ್ತು ಹನಿ' ಮಳೆ ಬೀಳಲೇಬೇಕು ಎಂಬ ಮಾತೂ ಇದೆ. ನಿಮ್ಮ ಗಡುವೂ ಅದೇ ಆಗಿರಲಿ. ಪತ್ತನಾಜೆಯೊಳಗೆ ಸಾಮಾನು ಇಳಿದಿರಬೇಕು.

ಕಾರಣ ಸರಳ, ನಿಮ್ಮ ಲಾರಿ ಘಟ್ಟ ಇಳಿದು ಬರಬೇಕು. ಬೆಂಗಳೂರು, ಹಾಸನ ಕಡೆಯಿಂದ ಬರುವ ಭಾರಿ ವಾಹನಗಳಿಗೆ ಶಿರಾಡಿಯೇ ಮುಖ್ಯ ದಾರಿ. ಚಾರ್ಮಾಡಿಯ ತಿರುವುಗಳಲ್ಲಿ ದೊಡ್ಡ ಲಾರಿಗಳಿಗೆ ಅವಕಾಶವಿಲ್ಲ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಲಾರಿ ಸಕಲೇಶಪುರದಲ್ಲೇ ನಿಲ್ಲುತ್ತದೆ, ನೀವು ಇಲ್ಲಿ ಖಾಲಿ ಮನೆಯಲ್ಲಿ ಚಾಪೆ ಹಾಸಿ ಕೂರುತ್ತೀರಿ. ವರ್ಗಾವಣೆ ಆದೇಶವೇ ಜೂನ್ ಮೇಲೆ ಬಂದರೆ ಬೇರೆ ದಾರಿಯಿಲ್ಲ. ಆಗ ಮುಚ್ಚಿದ ಕಂಟೇನರ್ ಲಾರಿಯನ್ನೇ ಕೇಳಿ. ತಾಡಪಾಲು ಹೊದಿಸಿದ ತೆರೆದ ಲಾರಿಯನ್ನು ನಂಬಿ ಹಾಸಿಗೆ, ಪುಸ್ತಕ ಹಾಕಬೇಡಿ.

ತರಬಾರದ ವಸ್ತುಗಳನ್ನೂ ಹೇಳಿಬಿಡುತ್ತೇನೆ. ಪ್ಲೈವುಡ್ಡಿಗಿಂತ ಅಗ್ಗದ, ಮರದ ಪುಡಿ ಒತ್ತಿ ಮಾಡಿದ ಕಪಾಟುಗಳು ಇಲ್ಲಿನ ತೇವಕ್ಕೆ ಎರಡು ಮಳೆಗಾಲದಲ್ಲಿ ಉಬ್ಬಿ ಬಿರಿಯುತ್ತವೆ. ಅವನ್ನು ಅಲ್ಲೇ ಮಾರಿ ಬನ್ನಿ. ಗಾದ್ರೆಜ್ ಬೀರು ತರಬಹುದು, ಆದರೆ ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ಇಡಬೇಕು.

2. ಮನೆ ನೋಡುವಾಗ ಗೋಡೆ ನೋಡಿ

ಏಪ್ರಿಲ್ ಬಿಸಿಲಿನಲ್ಲಿ ಮಂಗಳೂರಿನ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ಮೋಸ ಹೋಗುವುದು ಇಲ್ಲೇ.

ಮೊದಲು ಜಾಗದ ಹೆಸರು ಕೇಳಿ. ಇಲ್ಲಿನ ಹೆಸರುಗಳಲ್ಲೇ ನೆಲದ ಗುಣ ಅಡಗಿದೆ. 'ಪದವು' ಎಂದರೆ ಎತ್ತರದ ಬಯಲು, 'ಗುಡ್ಡೆ' ನಿಮಗೆ ಗೊತ್ತು, 'ಬೈಲು' ಎಂದರೆ ತಗ್ಗಿನ ಗದ್ದೆ, 'ಕುದ್ರು' ಎಂದರೆ ನದಿಯ ನಡುವಿನ ದ್ವೀಪ. ಪದವಿನಂಗಡಿ, ಮಣ್ಣಗುಡ್ಡೆ, ದೇರೆಬೈಲು, ಕೊಡಿಯಾಲ್‌ಬೈಲು ಹೀಗೆ. ಗದ್ದೆಗಳೆಲ್ಲ ಈಗ ಕಟ್ಟಡಗಳಾಗಿವೆ ನಿಜ, ಬೈಲು ಎಂಬ ಹೆಸರಿರುವ ಕಡೆಯೆಲ್ಲ ನೀರು ನಿಲ್ಲುತ್ತದೆ ಎಂದೂ ಅಲ್ಲ. ಆದರೆ ಹೆಸರಿನಲ್ಲಿ ಬೈಲು ಇದ್ದರೆ ಅಕ್ಕಪಕ್ಕದ ಅಂಗಡಿಯಲ್ಲಿ "ಜೋರು ಮಳೆಗೆ ಇಲ್ಲಿ ನೀರು ಬರ್ತದಾ?" ಎಂದು ಕೇಳದೆ ಅಡ್ವಾನ್ಸ್ ಕೊಡಬೇಡಿ. ಮನೆಯ ಮಾಲೀಕರನ್ನು ಕೇಳಿ ಪ್ರಯೋಜನವಿಲ್ಲ, ಅಂಗಡಿಯವರನ್ನು ಕೇಳಬೇಕು. ಕೊಟ್ಟಾರ ಚೌಕಿ, ಪಂಪ್‌ವೆಲ್ ಆಸುಪಾಸಿನ ತಗ್ಗುಗಳ ಸುದ್ದಿ ಪ್ರತಿ ಜೂನ್‌ನಲ್ಲೂ ಪೇಪರಿನಲ್ಲಿ ಬರುತ್ತದೆ.

ಎರಡನೆಯದು, ಮನೆಯ ಹಿಂದಕ್ಕೆ ಹೋಗಿ ನೋಡಿ. ಗುಡ್ಡವನ್ನು ನೆಟ್ಟಗೆ ಕಡಿದು, ಅದರ ಬುಡದಲ್ಲಿ ಕಟ್ಟಿದ ಮನೆ ಇಲ್ಲಿ ಬೇಕಾದಷ್ಟು ಸಿಗುತ್ತದೆ. ಮೇಲಿನ ಜಾಗದವರ ಮುರಕಲ್ಲಿನ (ಇಲ್ಲಿನ ಕೆಂಪು ಕಟ್ಟಡದ ಕಲ್ಲು) ತಡೆಗೋಡೆ ನಿಮ್ಮ ಮಲಗುವ ಕೋಣೆಯ ನೆತ್ತಿಯ ಮೇಲೇ ನಿಂತಿರುತ್ತದೆ. ಮಳೆಗಾಲದಲ್ಲಿ ಈ ಜಿಲ್ಲೆಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ. ಬಾಡಿಗೆ ಎಷ್ಟೇ ಕಡಿಮೆ ಇರಲಿ, ಆ ಮನೆ ಬೇಡ. ಇದರಲ್ಲಿ ರಾಜಿಯ ಮಾತೇ ಇಲ್ಲ.

ಒಳಗೆ ಬಂದ ಮೇಲೆ ನೋಡಬೇಕಾದವು:

– ಗೋಡೆಯ ಬುಡದಲ್ಲಿ, ಛಾವಣಿಯ ಮೂಲೆಗಳಲ್ಲಿ ಕಂದು ಉಂಗುರ ಉಂಗುರವಾದ ಕಲೆ ಇದೆಯೇ? ಹೊಸದಾಗಿ ಬಣ್ಣ ಬಳಿದಿದ್ದರೆ ಕೈಯಿಂದ ತಟ್ಟಿ ನೋಡಿ, ಸುಣ್ಣ ಉದುರಿದರೆ ಒಳಗೆ ತೇವ ಇದೆ.
– ತಾರಸಿಯ ಮೇಲೆ ತಗಡಿನ ಶೀಟು ಹಾಕಿದ್ದಾರೆಯೇ? ಘಟ್ಟದ ಮೇಲಿನವರಿಗೆ ಅದು ಚಂದ ಕಾಣುವುದಿಲ್ಲ. ಇಲ್ಲಿ ಅದೇ ಮನೆಯ ಕೊಡೆ. ಸೋರಿಕೆ ತಡೆಯುತ್ತದೆ, ಬಟ್ಟೆ ಒಣಗಿಸಲು ಜಾಗವೂ ಆಗುತ್ತದೆ.
– ಕಿಟಕಿಗಳ ಮೇಲೆ ಅಗಲವಾದ ಸಜ್ಜೆ ಇದೆಯೇ? ಇಲ್ಲಿನ ಮಳೆ ನೇರವಾಗಿ ಬೀಳುವುದಲ್ಲ, ಗಾಳಿಯ ಜೊತೆ ಅಡ್ಡಕ್ಕೆ ಬರುತ್ತದೆ. ಪಶ್ಚಿಮಕ್ಕೆ ತೆರೆದ, ಸಜ್ಜೆಯಿಲ್ಲದ ಕಿಟಕಿ ನಾಲ್ಕು ತಿಂಗಳು ಮುಚ್ಚಿಯೇ ಇರಬೇಕಾಗುತ್ತದೆ.
– ಹಂಚಿನ ಮನೆಯಾದರೆ ಈ ವರ್ಷ ಹಂಚು ಕೈಯಾಡಿಸಿದ್ದಾರೆಯೇ ಎಂದು ಕೇಳಿ. ಒಡೆದ ಹಂಚನ್ನು ಮಳೆಗೆ ಮುಂಚೆ ಬದಲಿಸುವ ಕೆಲಸ ಅದು.

ಮೂರನೆಯದು ನೀರು. ಇಷ್ಟು ಮಳೆ ಬೀಳುವ ಊರಲ್ಲಿ ನೀರಿನ ಚಿಂತೆ ಯಾಕೆ ಎನ್ನಬೇಡಿ. ನಗರಕ್ಕೆ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಮುಂಗಾರು ಪೂರ್ವದ ಮಳೆ ಕೈಕೊಟ್ಟ ವರ್ಷ ಮೇ ತಿಂಗಳಲ್ಲಿ ಅದು ತಳ ಕಾಣುತ್ತದೆ. 2019ರಲ್ಲಿ, 2023ರಲ್ಲಿ ಪಾಳಿ ಪ್ರಕಾರ ನೀರು ಬಿಟ್ಟಿದ್ದರು. ಹಾಗಾಗಿ ಬಾವಿ ಇರುವ ಮನೆ ಸಿಕ್ಕರೆ ಅದೃಷ್ಟ. ನದಿ, ಸಮುದ್ರಕ್ಕೆ ಹತ್ತಿರದ ಮನೆಯಾದರೆ "ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗ್ತದಾ?" ಎಂದು ಕೇಳಿ. ಅಲ್ಲೇ ಒಂದು ಲೋಟ ಕುಡಿದು ನೋಡಿದರೆ ಇನ್ನೂ ಒಳ್ಳೆಯದು, ಏಪ್ರಿಲ್‌ನಲ್ಲಿ ಹೋದರೆ ಸತ್ಯ ನಾಲಿಗೆಗೇ ತಿಳಿಯುತ್ತದೆ.

ಇನ್ನು ಕರಾರು ಪತ್ರ. 11 ತಿಂಗಳಿಗೆ ಬರೆಸುವ ವಾಡಿಕೆ ಯಾಕೆಂದರೆ, ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದರಲ್ಲಿ ಮೂರು ಸಾಲು ಸೇರಿಸಲು ಹೇಳಿ: ಸೋರಿಕೆ ರಿಪೇರಿ ಯಾರ ಖರ್ಚು, ಮನೆ ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಬಾವಿಯ ಪಂಪಿನ ಕರೆಂಟು ಯಾರ ಮೀಟರಿನಿಂದ. ಜಗಳಗಳೆಲ್ಲ ಈ ಮೂರರಲ್ಲೇ ಹುಟ್ಟುತ್ತವೆ. ನನ್ನ ಮೊದಲ ಮನೆಯ ಅಡ್ವಾನ್ಸಿನಲ್ಲಿ ಗೋಡೆಯ ಬೂಷ್ಟಿಗೆ ಹೊಣೆ ನಾನೇ ಎಂದು ಒಂದು ತಿಂಗಳ ಬಾಡಿಗೆ ಕಡಿತವಾಯಿತು. ಮನೆ ಸೇರಿದ ದಿನವೇ ಎಲ್ಲ ಗೋಡೆಗಳ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿಬಿಡಿ.

ಆಧಾರ್ ಪ್ರತಿ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಕೊಡಿ, ಆಧಾರ್ ಜಾಲತಾಣದಲ್ಲೇ ಇಳಿಸಿಕೊಳ್ಳಬಹುದು. ಮೀನು, ಮಾಂಸ ಬೇಯಿಸುವವರು ಅದನ್ನು ಮೊದಲೇ ಹೇಳಿ. ಕೆಲವು ಮಾಲೀಕರು ಅದನ್ನೂ, ಅದರಾಚೆಗಿನದನ್ನೂ ಕೇಳುತ್ತಾರೆ, ಕೇಳುವುದು ಸರಿಯೆಂದು ನನಗೇನೂ ಅನಿಸುವುದಿಲ್ಲ. ಆದರೆ ಮುಚ್ಚಿಟ್ಟು ಸೇರಿ ಮೂರನೇ ತಿಂಗಳಿಗೆ ಮನೆ ಖಾಲಿ ಮಾಡುವುದು ಅದಕ್ಕಿಂತ ಕಷ್ಟ.

3. ಹಳೆ ಊರು ಬಿಡುವ ಮುನ್ನ

ಇವನ್ನು ಅಲ್ಲಿದ್ದಾಗಲೇ ಮಾಡಬೇಕು. ಇಲ್ಲಿಗೆ ಬಂದ ಮೇಲೆ ನೆನಪಾದರೆ ಇದಕ್ಕಾಗಿಯೇ ಮತ್ತೆ ಒಮ್ಮೆ ಘಟ್ಟ ಹತ್ತಬೇಕಾಗುತ್ತದೆ.

ಗ್ಯಾಸ್: ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಹಳೆ ಏಜೆನ್ಸಿಗೆ ಒಪ್ಪಿಸಿ. ಅವರು ನಿಮ್ಮ ಠೇವಣಿ ಮರಳಿಸಿ 'ಟರ್ಮಿನೇಷನ್ ವೋಚರ್' ಎಂಬ ಚೀಟಿ ಕೊಡುತ್ತಾರೆ. ಸಂಪರ್ಕ ಇಲ್ಲಿಗೆ ಮುಗಿದಿದೆ ಎಂಬುದಕ್ಕೆ ಅದು ಪುರಾವೆ. ಅದನ್ನು ಇಲ್ಲಿನ ಏಜೆನ್ಸಿಗೆ ತೋರಿಸಿ, ಈಗಿನ ದರದ ಠೇವಣಿ ಕಟ್ಟಿದರೆ ಹೊಸ ಸಿಲಿಂಡರ್ ಸಿಗುತ್ತದೆ. ಒಲೆ ನಿಮ್ಮದೇ, ತನ್ನಿ. ತುಂಬಿದ ಸಿಲಿಂಡರನ್ನು ಸಾಮಾನಿನ ಲಾರಿಯಲ್ಲಿ ಹಾಕುವುದು ಅಪಾಯ, ಪಕ್ಕದ ಮನೆಯವರಿಗೆ ಬಿಟ್ಟು ಬರುವುದು ಮುಂದೆ ತಲೆನೋವು. ಮಂಗಳೂರಿನ ಕೆಲವು ಬಡಾವಣೆಗಳಿಗೆ ಪೈಪ್ ಗ್ಯಾಸ್ ಬಂದಿದೆ, ಮನೆ ನೋಡುವಾಗಲೇ ಕೇಳಿಕೊಳ್ಳಿ.

ಗೃಹಜ್ಯೋತಿ: ಹಳೆ ಮನೆಯ ಮೀಟರಿಗೆ ನಿಮ್ಮ ಆಧಾರ್ ಜೋಡಣೆಯಾಗಿದ್ದರೆ ಸೇವಾಸಿಂಧುವಿನಲ್ಲಿ ಅದನ್ನು ಬಿಡಿಸಿ (ಡಿ-ಲಿಂಕ್). ಬಿಡಿಸದೆ ಹೊಸ ಮನೆಯ ಮೀಟರಿಗೆ ಜೋಡಿಸಲು ಆಗುವುದಿಲ್ಲ. ಇಲ್ಲಿ ವಿದ್ಯುತ್ ಕಂಪನಿ ಮೆಸ್ಕಾಂ, ದೂರಿಗೆ 1912. ಹೊಸ ಮನೆಯ ಹಳೆ ಬಾಡಿಗೆದಾರರೂ ಅವರ ಜೋಡಣೆಯನ್ನು ಬಿಡಿಸಿರಬೇಕು ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಮಾಲೀಕರಿಗೆ ಹೇಳಿ ಮಾಡಿಸಿ.

ಶಾಲೆ: ವರ್ಗಾವಣೆ ಪತ್ರ, ಅಂದರೆ ಟಿಸಿ. ಅದರ ಜೊತೆ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು (ರಾಜ್ಯದ ವಿದ್ಯಾರ್ಥಿ ದಾಖಲಾತಿಯ ನಂಬರ್) ಬರೆದುಕೊಳ್ಳಿ. 1ರಿಂದ 8ನೇ ತರಗತಿವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸುವಾಗ, ಟಿಸಿ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಹೆಡ್‌ಮಾಸ್ತರರು ಮುಖ ಗಂಟಿಕ್ಕಿದರೆ ವಿನಯದಿಂದ ಇದನ್ನು ನೆನಪಿಸಿ.

ಕೊನೆಗೆ, ಅಂಚೆ ಕಚೇರಿಗೆ ಒಂದು ಅರ್ಜಿ ಕೊಟ್ಟು ಹಳೆ ವಿಳಾಸದ ಕಾಗದಗಳನ್ನು ಹೊಸದಕ್ಕೆ ತಿರುಗಿಸಲು ಹೇಳಿ ಬನ್ನಿ. ಚೆಕ್‌ಬುಕ್, ಎಲ್ಐಸಿ ಕಾಗದ ಈಗಲೂ ಅಂಚೆಯಲ್ಲೇ ಓಡಾಡುತ್ತವೆ.

4. ಮನೆಯನ್ನು ಮಳೆಗೆ ಸಜ್ಜುಮಾಡುವುದು

ಇಲ್ಲಿನ ದೊಡ್ಡ ಶತ್ರು ಬೂಷ್ಟು. ಬಟ್ಟೆ, ಚಪ್ಪಲಿ, ಪುಸ್ತಕ, ಕ್ಯಾಮೆರಾ ಲೆನ್ಸ್, ಮದುವೆ ಆಲ್ಬಮ್, ಎಲ್ಲದರ ಮೇಲೂ ಜುಲೈ ಹೊತ್ತಿಗೆ ಬಿಳಿ ಪುಡಿಯಂತೆ ಕೂರುತ್ತದೆ. ಕಳಚಿಟ್ಟ ಚರ್ಮದ ಬೆಲ್ಟು ಹದಿನೈದು ದಿನಕ್ಕೆ ಹಸಿರಾಗುತ್ತದೆ.

ಮೇ ತಿಂಗಳ ಕೊನೆಯ ಬಿಸಿಲಿಗೆ ರೇಷ್ಮೆ ಸೀರೆ, ಕಂಬಳಿ, ಹಾಸಿಗೆಗಳನ್ನು ಗಾಳಿಯಾಡಿಸಿ. ಸೀರೆಗಳನ್ನು ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಖಾನೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಒಳಗಿನ ತೇವ ಹೊರಗೆ ಹೋಗದೆ ಕಲೆ ಬೀಳುತ್ತದೆ. ಮಾರ್ಕ್ಸ್‌ಶೀಟುಗಳು, ಸೇಲ್ ಡೀಡು ಇತ್ಯಾದಿಗಳನ್ನು ಲ್ಯಾಮಿನೇಟ್ ಮಾಡಿಸದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊಸ ಶೂ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಹರಳು, ಅದೇ.

ಬಟ್ಟೆಯ ವಿಷಯದಲ್ಲಿ ಡ್ರೈಯರ್ ಬೇಕೇಬೇಕೆಂದಿಲ್ಲ. ಶೀಟು ಹಾಕಿದ ತಾರಸಿ ಅಥವಾ ಫ್ಯಾನಿನ ಕೆಳಗೆ ಕಟ್ಟಿದ ಹಗ್ಗ ಸಾಕು. ಜೀನ್ಸ್ ಕಡಿಮೆ ತನ್ನಿ, ಒಗೆದ ಜೀನ್ಸ್ ಇಲ್ಲಿ ಒಂದು ವಾರದ ಯೋಜನೆ. ಮನೆ ಮಂದಿಗೆ ಒಂದೊಂದು ಜೊತೆ ರಬ್ಬರ್ ಚಪ್ಪಲಿ, ತಲೆಗೊಂದು ಕೊಡೆ, ಸ್ಕೂಟರಿಗೆ ಒಳ್ಳೆಯ ರೇನ್‌ಕೋಟು, ಇಷ್ಟು ಜೂನ್ 1ಕ್ಕೆ ಮನೆಯಲ್ಲಿರಲಿ. ಹೊರಗಿಟ್ಟ ಚಪ್ಪಲಿ, ಶೂಗಳನ್ನು ಕೊಡವಿಯೇ ಹಾಕಿ. ಚೇಳು, ಹಾವಿನ ಮರಿಗಳಿಗೂ ಒಣ ಜಾಗ ಬೇಕು.

ಅಡುಗೆಮನೆಯಲ್ಲಿ ಘಟ್ಟದ ಮೇಲಿನ ಅಭ್ಯಾಸ ಬಿಡಬೇಕು. ವರ್ಷಕ್ಕಾಗುವಷ್ಟು ಕಾಳು, ಬೇಳೆ, ಜೋಳ ತಂದು ತುಂಬಿಟ್ಟರೆ ಹುಳುಗಳಿಗೆ ದಾನ ಮಾಡಿದಂತೆ. ಜೋಳದ ಹಿಟ್ಟನ್ನು ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಊರಿಂದ ಅಮ್ಮ ಕಟ್ಟಿಕೊಟ್ಟ ಖಡಕ್ ರೊಟ್ಟಿ ಬುಟ್ಟಿಯಲ್ಲಿಟ್ಟರೆ ಎರಡೇ ದಿನಕ್ಕೆ ಮೆತ್ತಗಾಗಿ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ.

ಸಿಡಿಲು: ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ಸಂಜೆಗಳ ಗುಡುಗು ಮಳೆ ಜುಲೈ ಮಳೆಗಿಂತ ಅಪಾಯ. ಮೋಡ ಕಪ್ಪಾಗುತ್ತಿದ್ದಂತೆ ಟಿವಿ, ಫ್ರಿಜ್, ವೈಫೈ ಪ್ಲಗ್ಗುಗಳನ್ನು ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು.

ಸೊಳ್ಳೆ: ಮಂಗಳೂರಿಗೂ ಮಲೇರಿಯಾಕ್ಕೂ ಹಳೆಯ ನಂಟು. ಈಗ ತುಂಬ ಕಡಿಮೆಯಾಗಿದೆ, ಡೆಂಗಿ ಬಂದು ಸೇರಿಕೊಂಡಿದೆ. ತಾರಸಿಯ ಮೇಲಿನ ಟೈರು, ಹೂಕುಂಡದ ತಟ್ಟೆ, ಶೀಟಿನ ದೋಣಿಯಲ್ಲಿ (ಮಳೆನೀರು ಹರಿಯುವ ಕಾಲುವೆ) ನೀರು ನಿಲ್ಲದಂತೆ ವಾರಕ್ಕೊಮ್ಮೆ ನೋಡಿ. ಜ್ವರ ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗುವುದು ಬೇಡ, ಮೊದಲ ದಿನವೇ ರಕ್ತ ಪರೀಕ್ಷೆ ಮಾಡಿಸಿ. ನಿಂತ ನೀರಿನಲ್ಲಿ ಗಾಯದ ಕಾಲಿಟ್ಟು ನಡೆದ ಮೇಲೆ ಜ್ವರ ಬಂದರೆ ವೈದ್ಯರಿಗೆ ಆ ವಿಷಯ ಹೇಳಿ. ಇಲಿಜ್ವರ ಇರಬಹುದೇ ಎಂದು ಅವರು ನೋಡುತ್ತಾರೆ. ಸರ್ಕಾರಿ ಜಿಲ್ಲಾ ಆಸ್ಪತ್ರೆ ಹಂಪನಕಟ್ಟೆಯ ವೆನ್‌ಲಾಕ್, ಹೆರಿಗೆಗೆ ಲೇಡಿಗೋಶನ್. ಖಾಸಗಿ ಆಸ್ಪತ್ರೆಗಳಿಗಂತೂ ಈ ಊರಲ್ಲಿ ಕೊರತೆಯಿಲ್ಲ, ನಿಮ್ಮ ಆರೋಗ್ಯ ವಿಮೆಯ ನಗದುರಹಿತ ಪಟ್ಟಿಯಲ್ಲಿ ಯಾವುದಿದೆ ಎಂದು ಆರೋಗ್ಯವಾಗಿರುವಾಗಲೇ ನೋಡಿಟ್ಟುಕೊಳ್ಳಿ.

ಗಾಡಿಯ ಬಗ್ಗೆ ಒಂದೇ ಮಾತು. ತೆಂಗಿನ ಮರದ ಕೆಳಗೆ ನಿಲ್ಲಿಸಬೇಡಿ. ನೆರಳು ಕಂಡು ನಿಲ್ಲಿಸಿದವರ ಗಾಜಿನ ಕಥೆ ಪ್ರತಿ ಬೀದಿಯಲ್ಲೂ ಇದೆ.

5. ಕಾಗದಪತ್ರ

ಬೇಗ ಮುಗಿಸುತ್ತೇನೆ.

ಆಧಾರ್ ವಿಳಾಸವನ್ನು ಮೊದಲು ಬದಲಿಸಿ, ಉಳಿದವುಗಳಿಗೆ ಅದೇ ಆಧಾರ. ಮೈಆಧಾರ್ ತಾಣದಲ್ಲಿ ದಾಖಲೆ ಹಾಕಿ ಸಣ್ಣ ಶುಲ್ಕ ಕಟ್ಟಬೇಕು. ಮನೆಯ ಒಬ್ಬರದು ಬದಲಾದ ಮೇಲೆ ಉಳಿದವರು 'ಕುಟುಂಬದ ಮುಖ್ಯಸ್ಥರ' ಆಧಾರದ ಮೇಲೆ ಅರ್ಜಿ ಹಾಕಬಹುದು. ಮುಖ್ಯಸ್ಥರು 30 ದಿನದೊಳಗೆ ತಮ್ಮ ಖಾತೆಯಲ್ಲಿ ಒಪ್ಪಿಗೆ ಒತ್ತಬೇಕು, ಅದನ್ನು ಮರೆತು ಅರ್ಜಿ ಬಿದ್ದುಹೋಗುವುದು ಸಾಮಾನ್ಯ.

ಮತದಾರರ ಪಟ್ಟಿಗೆ ನಮೂನೆ 8. ನಮೂನೆ 6 ಹೊಸ ಮತದಾರರಿಗೆ, ಅದನ್ನು ತುಂಬಿದರೆ ಎರಡು ಕಡೆ ಹೆಸರಾಗಿ ತೊಡಕು. ನಗರದ ಸುತ್ತ ಮೂರು ವಿಧಾನಸಭಾ ಕ್ಷೇತ್ರಗಳಿವೆ: ಮಂಗಳೂರು ನಗರ ಉತ್ತರ, ಮಂಗಳೂರು ನಗರ ದಕ್ಷಿಣ, ಮತ್ತು ಉಳ್ಳಾಲ ಕಡೆಯ ಮಂಗಳೂರು. ನಿಮ್ಮದು ಯಾವುದೆಂದು ನೆರೆಯವರ ಗುರುತಿನ ಚೀಟಿ ನೋಡಿದರೆ ತಿಳಿಯುತ್ತದೆ.

ಪಡಿತರ ಚೀಟಿ ಬದಲಾಗುವವರೆಗೆ ಕಾಯಬೇಕಿಲ್ಲ. ರಾಜ್ಯದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು.

ಗಾಡಿಗೆ ಕೆಎ-19 ನಂಬರೇನೂ ಬೇಕಿಲ್ಲ, ನಿಮ್ಮ ಕೆಎ-17, ಕೆಎ-28 ಹಾಗೆಯೇ ಓಡಲಿ. ಆದರೆ ಆರ್‌ಸಿಯಲ್ಲಿ ವಿಳಾಸ ಬದಲಾವಣೆಯನ್ನು 30 ದಿನದೊಳಗೆ ತಿಳಿಸಬೇಕೆಂದು ಕಾನೂನು. ಹೊರರಾಜ್ಯದ ಗಾಡಿಯಾದರೆ 12 ತಿಂಗಳು ಮೀರಿದರೆ ಇಲ್ಲಿನ ನೋಂದಣಿ ಮಾಡಿಸಬೇಕು. ಕಾಸರಗೋಡು ಪಕ್ಕದಲ್ಲೇ ಇರುವುದರಿಂದ ಇಲ್ಲಿ ಈ ಗೊಂದಲ ಹೆಚ್ಚು.

6. ಓಡಾಟ

ನಗರದೊಳಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಅವೆಲ್ಲ ಕೊನೆಗೆ ಬಂದು ಸೇರುವ ಜಾಗಕ್ಕೆ 'ಸ್ಟೇಟ್ ಬ್ಯಾಂಕ್' ಎಂದು ಹೆಸರು. ಹೊಸಬರು ಬ್ಯಾಂಕಿಗೆ ಹೋಗುವ ಬಸ್ಸೆಂದುಕೊಳ್ಳುತ್ತಾರೆ. ಕೆಎಸ್‌ಆರ್‌ಟಿಸಿ ನಿಲ್ದಾಣ ಬೇರೆ, ಅದು ಬಿಜೈಯಲ್ಲಿದೆ. ಬಸ್ಸಿನಲ್ಲಿ ಕಂಡಕ್ಟರ್ "ದುಂಬು ಪೋಲೆ" ಎಂದರೆ ಮುಂದಕ್ಕೆ ಹೋಗಿ ಎಂದರ್ಥ. "ರೈಟ್ ಪೋಯಿ" ಎಂದರೆ ಬಸ್ಸು ಹೊರಟಿತು, ಕಂಬಿ ಹಿಡಿದುಕೊಳ್ಳಿ. ತಡಮಾಡಬೇಡಿ, ಅವರು ನಿಜಕ್ಕೂ ಹೊರಡುತ್ತಾರೆ.

ಆಟೋಗೆ ಇಲ್ಲಿ 'ರಿಕ್ಷಾ' ಎನ್ನುತ್ತಾರೆ.

ರೈಲು ನಿಲ್ದಾಣ ಎರಡು. ಪೇಟೆಯ ನಡುವಿನದು ಮಂಗಳೂರು ಸೆಂಟ್ರಲ್, ಪಡೀಲ್ ಹತ್ತಿರದ್ದು ಮಂಗಳೂರು ಜಂಕ್ಷನ್. ಕೇರಳಕ್ಕೂ ಮುಂಬೈಗೂ ನಡುವೆ ಓಡುವ ಅನೇಕ ರೈಲುಗಳು ಸೆಂಟ್ರಲ್‌ಗೆ ಬರುವುದೇ ಇಲ್ಲ. ಟಿಕೆಟಿನಲ್ಲಿ ಯಾವುದಿದೆ ಎಂದು ಎರಡು ಸಲ ನೋಡಿ. ಅಪ್ಪ ಅಮ್ಮನನ್ನು ಕರೆದುಕೊಂಡು ಬರಲು ಹೋದವರು ತಪ್ಪು ನಿಲ್ದಾಣದಲ್ಲಿ ನಿಂತು ಫೋನಿನಲ್ಲಿ ಜಗಳವಾಡುವುದನ್ನು ನಾನೇ ಕಂಡಿದ್ದೇನೆ.

ಮಕ್ಕಳಿರುವವರಿಗೆ ಒಂದು ಸೂಚನೆ: ರೆಡ್ ಅಲರ್ಟ್ ಇದ್ದರೆ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಘೋಷಿಸುತ್ತಾರೆ, ಸುದ್ದಿ ಹಿಂದಿನ ರಾತ್ರಿಯೋ ಬೆಳಗಿನ ಜಾವವೋ ಬರುತ್ತದೆ. ಹಳೆಯ ವರ್ಷದ ರಜೆ ಆದೇಶವನ್ನೇ ಯಾರಾದರೂ ವಾಟ್ಸಾಪಿನಲ್ಲಿ ಬಿಟ್ಟಿರುತ್ತಾರೆ, ದಿನಾಂಕ ನೋಡಿ ನಂಬಿ.

7. ಮಾತು ಮತ್ತು ಊಟ

ತುಳು ಬರದಿದ್ದರೆ ನಡೆಯುತ್ತದೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಎಲ್ಲ ಮನೆಮಾತಿನವರೂ ಇಲ್ಲಿ ಕನ್ನಡ ಬಲ್ಲರು. ಊರಿಗೇ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ ಎಂದು ಬೇರೆ ಬೇರೆ ಹೆಸರಿವೆ. ತೊಡಕಾಗುವುದು ತುಳುವಿನಿಂದಲ್ಲ, ನಿಮ್ಮ ಕನ್ನಡದಿಂದಲೇ.

ಏಕವಚನ ಬಿಡಿ. ಇದು ಈ ಬರಹದಲ್ಲಿ ಮಳೆಯ ನಂತರದ ಎರಡನೇ ದೊಡ್ಡ ಎಚ್ಚರಿಕೆ. ನಮ್ಮ ಕಡೆ ಸಲುಗೆಯಿಂದ "ಏನೋ", "ಬಾರೋ", "ಹೇಳಪ್ಪಾ" ಅನ್ನುತ್ತೇವೆ, ಅದರಲ್ಲಿ ಪ್ರೀತಿಯೇ ಇರುತ್ತದೆ. ಇಲ್ಲಿ ರಿಕ್ಷಾದವರಿಗೂ, ತೆಂಗಿನಕಾಯಿ ಕೀಳುವವರಿಗೂ, ನಿಮಗಿಂತ ಹತ್ತು ವರ್ಷ ಚಿಕ್ಕ ಅಂಗಡಿ ಹುಡುಗನಿಗೂ 'ನೀವು'. ಏಕವಚನ ಕಿವಿಗೆ ಬಿದ್ದರೆ ಅವರು ಜಗಳಾಡುವುದಿಲ್ಲ, ಸುಮ್ಮನಾಗಿಬಿಡುತ್ತಾರೆ. ಮುಂದಿನ ಸಲ ಕರೆದರೆ ಬರುವುದಿಲ್ಲ, ಯಾಕೆಂದು ನಿಮಗೆ ಗೊತ್ತೂ ಆಗುವುದಿಲ್ಲ. ಪ್ರತಿಯಾಗಿ ಅವರು "ಎಂತ ಮಾರಾಯ್ರೆ" ಎಂದರೆ ಬೈದರೆಂದು ತಿಳಿಯಬೇಡಿ, ಅದು ಸ್ನೇಹ.

ಪದಗಳೂ ಕೈಕೊಡುತ್ತವೆ. 'ಬೊಂಡ' ಎಂದರೆ ಎಳನೀರು, ಎಣ್ಣೆಯಲ್ಲಿ ಕರಿದದ್ದಲ್ಲ. ಈರುಳ್ಳಿ ಇಲ್ಲಿ ನೀರುಳ್ಳಿ, ಆಲೂಗಡ್ಡೆ ಬಟಾಟೆ. ಬರೀ 'ಸೌತೆ' ಎಂದರೆ ಸಾಂಬಾರಿಗೆ ಹಾಕುವ, ತಿಂಗಳುಗಟ್ಟಲೆ ಕೆಡದ ಮಂಗಳೂರು ಸೌತೆ ಕೊಡುತ್ತಾರೆ. ಹಸಿಯಾಗಿ ತಿನ್ನುವುದು ಬೇಕಿದ್ದರೆ 'ಮುಳ್ಳುಸೌತೆ' ಎನ್ನಬೇಕು. 'ಇದೆ' ಎನ್ನುವಲ್ಲಿ 'ಉಂಟು'. "ಸೌಖ್ಯ ಇಲ್ಲ" ಎಂದರೆ ಹುಷಾರಿಲ್ಲ.

ಆದರೂ ನಾಲ್ಕು ಮಾತು ತುಳು ಕಲಿಯಿರಿ. ಎಂಚ ಉಲ್ಲರ್ (ಹೇಗಿದ್ದೀರಿ), ಏತ್ (ಎಷ್ಟು), ಬೊಡ್ಚಿ (ಬೇಡ), ಒಣಸ್ ಆಂಡಾ (ಊಟ ಆಯ್ತಾ). ಬೀಳ್ಕೊಡುವಾಗ ಪೋದ್ ಬರ್ಪೆ (ಹೋಗಿ ಬರ್ತೇನೆ). ತಪ್ಪಾಗಿ ಹೇಳಿದರೂ ನಗುತ್ತಾರೆ, ತಿದ್ದುತ್ತಾರೆ, ಮೀನಿನ ಅಕ್ಕ ಎರಡು ಬೂತಾಯಿ ಹೆಚ್ಚಿಗೆ ಹಾಕುತ್ತಾರೆ. ಚೌಕಾಸಿಗಿಂತ ಇದು ಲಾಭ.

ಹೋಟೆಲಿನಲ್ಲಿ ಊಟಕ್ಕೆ ಕೂತರೆ "ಬೆಳ್ತಿಗೆಯಾ, ಕುಚ್ಚಲಾ?" ಎಂದು ಕೇಳುತ್ತಾರೆ. ಬೆಳ್ತಿಗೆ ಎಂದರೆ ನಮ್ಮ ಬಿಳಿ ಅನ್ನ. ಕುಚ್ಚಲಕ್ಕಿ ಎಂದರೆ ಭತ್ತವನ್ನೇ ಬೇಯಿಸಿ ಒಣಗಿಸಿ ಮಾಡಿದ, ಕೆಂಪು ಛಾಯೆಯ ದಪ್ಪ ಅಕ್ಕಿ. ಮನೆಯಲ್ಲಿ ಮಾಡುವವರು ಸೋನಾಮಸೂರಿಯ ಲೆಕ್ಕ ಮರೆಯಿರಿ. ನೀರು ಧಾರಾಳವಾಗಿಟ್ಟು ಹೊತ್ತು ಬೇಯಿಸಿ, ತಿಳಿ ಬಸಿಯಬೇಕು. ಆ ತಿಳಿಗೆ ಉಪ್ಪು ಹಾಕಿ ಕುಡಿದರೆ ಮಳೆಗಾಲದ ಸಂಜೆಗೆ ಚಹಾ ಬೇಡ.

ಮೀನು ತಿನ್ನುವವರಿಗೆ: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನುಗಳು ಮೊಟ್ಟೆಯಿಡುವ ಕಾಲ, ಕಡಲೂ ಮುನಿದಿರುತ್ತದೆ. ಆಗ ಬಂಗುಡೆಯ ಬೆಲೆ ಕೇಳಿ ಗಾಬರಿಯಾಗಬೇಡಿ, ಊರವರು ಒಣಮೀನಿಗೆ (ತುಳುವಿನಲ್ಲಿ ನುಂಗೆಲ್) ಹೊರಳುತ್ತಾರೆ, ನೀವೂ ಹೊರಳಿ. ಅಂಜಲ್, ಮಾಂಜಿಯ ಆಸೆಯನ್ನು ಸೆಪ್ಟೆಂಬರಿಗೆ ಇಟ್ಟುಕೊಳ್ಳಿ. ಹಾಗೆಯೇ ಮಳೆಗಾಲ ಮುಗಿಯುವವರೆಗೆ ಪಣಂಬೂರಿನಲ್ಲಿ, ಸೋಮೇಶ್ವರದಲ್ಲಿ ಕಡಲನ್ನು ದಡದಿಂದಲೇ ನೋಡಬೇಕು. ನೀರಿಗಿಳಿದು ಹೋದವರಲ್ಲಿ ನಮ್ಮ ಕಡೆಯಿಂದ ಬಂದವರೇ ಹೆಚ್ಚೆಂದು ಇಲ್ಲಿನ ಈಜುಗಾರರು ಗೊಣಗುತ್ತಾರೆ.

8. ನೆರೆಹೊರೆ

ನಿಮ್ಮ ಬೀದಿಯಲ್ಲಿ ಮರಗಳ ಗುಂಪಿನ ನಡುವೆ ಕಲ್ಲಿನ ಕಟ್ಟೆಯಿದ್ದರೆ ಅದು ನಾಗಬನವಿರಬಹುದು. ಅಲ್ಲಿ ಕಸ ಎಸೆಯುವುದು, ಟೊಂಗೆ ಮುರಿಯುವುದು, ಮೂತ್ರಕ್ಕೆ ನಿಲ್ಲುವುದು ಕೂಡದು. ನಂಬಿಕೆ ನಿಮಗಿರಲಿ ಬಿಡಲಿ, ಇಡೀ ಬೀದಿಯ ಮುನಿಸು ಕಟ್ಟಿಕೊಳ್ಳುತ್ತೀರಿ. ಕಸವನ್ನು ಹಸಿ, ಒಣ ಎಂದು ಬೇರೆ ಮಾಡಿ ಪಾಲಿಕೆಯ ಗಾಡಿಗೇ ಕೊಡಿ.

ಪಕ್ಕದ ಮನೆಯವರು ತಾವಾಗಿ ಬಂದು ಮಾತಾಡಿಸುವುದಕ್ಕೆ ಸ್ವಲ್ಪ ದಿನ ಹಿಡಿಯುತ್ತದೆ. ಮಳೆ ಶುರುವಾದ ಮೇಲೆ ಕರೆಂಟು ಹೋದಾಗ, ಮರ ಬಿದ್ದಾಗ ಎಲ್ಲರೂ ಹೊರಗೆ ಬರುತ್ತಾರೆ, ಪರಿಚಯ ಅಲ್ಲೇ ಆಗುವುದು. ಆಮೇಲೆ ಆಟಿ ಬರುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ತೊಗಟೆಯ ಕಷಾಯವನ್ನು ಖಾಲಿ ಹೊಟ್ಟೆಗೆ ಕುಡಿಯುವ ಪದ್ಧತಿ. ತುಂಬ ಕಹಿ. ನಿಮಗೂ ಒಂದು ಲೋಟ ಬಂದೀತು, ಬಂದರೆ ಕುಡಿಯಿರಿ, ಜೊತೆಗೆ ಕೊಡುವ ಮೆಂತೆ ಗಂಜಿಯನ್ನೂ ಬಿಡಬೇಡಿ. ಆದರೆ ಉತ್ಸಾಹದಲ್ಲಿ ನೀವೇ ಕಾಡಿಗೆ ಹೋಗಿ ತೊಗಟೆ ಕೆತ್ತಿ ತರಬೇಡಿ. ಹಾಲೆ ಎಂದುಕೊಂಡು ವಿಷದ ಕಾಸರ್ಕದ ತೊಗಟೆ ತಂದು ಕುಡಿದು ಸತ್ತವರಿದ್ದಾರೆ. ಮರದ ಗುರುತಿರುವ ಹಿರಿಯರು ತಂದದ್ದನ್ನೇ ಕುಡಿಯಿರಿ, ಅವರು ಎಷ್ಟು ಕೊಟ್ಟರೋ ಅಷ್ಟೇ.